ಕೇಕ್ ಉಬ್ಬುವುದು ಹೇಗೆ, ಕುಸಿಯುವುದು ಯಾಕೆ? ಶಾಲೆಯ ಬೇಕಿಂಗ್ ಕ್ಲಾಸಲ್ಲಿ ಕಲಿಸಬೇಕಾದ್ದು

ಸಾರಿಗೆ ಉಪ್ಪು ಕಡಿಮೆಯಾದರೆ ಕುದಿಯುವಾಗಲೇ ಹಾಕಬಹುದು. ಹುಳಿ ಜಾಸ್ತಿಯಾದರೆ ಒಂದು ಚೂರು ಬೆಲ್ಲ ಬಿದ್ದರೆ ಸರಿಹೋಗುತ್ತದೆ. ನಮ್ಮ ಮನೆ ಅಡುಗೆ ಹೀಗೆ ರುಚಿ ನೋಡುತ್ತಾ, ತಿದ್ದುತ್ತಾ ಸಾಗುತ್ತದೆ. ಬೇಕಿಂಗ್‌ನಲ್ಲಿ ಈ ಅವಕಾಶ ಇಲ್ಲ. ಹಿಟ್ಟು ಓವನ್ ಒಳಗೆ ಹೋಯಿತು ಅಂದರೆ ಮುಗಿಯಿತು. ಏನು ತಿದ್ದುವುದಿದ್ದರೂ ಬಾಗಿಲು ಮುಚ್ಚುವ ಮೊದಲೇ ತಿದ್ದಿರಬೇಕು.

ಅದಕ್ಕೇ ಶಾಲೆಯಲ್ಲಿ ಬೇಕಿಂಗ್ ಹೇಳಿಕೊಡುವಾಗ ಬೋರ್ಡ್ ಮೇಲೆ ರೆಸಿಪಿ ಬರೆದು, ಮಕ್ಕಳಿಂದ ನೋಟ್ಸ್ ಮಾಡಿಸಿ ಬಿಟ್ಟರೆ ಸಾಲದು. ರೆಸಿಪಿ ಫೋನಲ್ಲೂ ಸಿಗುತ್ತದೆ. ಪ್ರತಿ ಸಾಮಾನು ಯಾಕೆ ಬೀಳುತ್ತಿದೆ, ಅದು ಒಳಗೆ ಹೋಗಿ ಏನು ಮಾಡುತ್ತದೆ ಅನ್ನುವುದು ಮಗುವಿಗೆ ಗೊತ್ತಾಗಬೇಕು. ಅದು ಗೊತ್ತಾದರೆ ಕೆಟ್ಟ ಕೇಕನ್ನು ನೋಡಿಯೇ ಎಲ್ಲಿ ತಪ್ಪಿತು ಅಂತ ಆ ಮಗು ತಾನೇ ಹೇಳುತ್ತದೆ. ಬೆಂಗಳೂರಿನ ಶಾಲೆಗಳಲ್ಲಿ ಇದಕ್ಕೆ ಈಗ ಒಳ್ಳೆಯ ಕಾಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ದಿನ ಬ್ಯಾಗ್ ಇಲ್ಲದೆ ಕೈಕೆಲಸ ಕಲಿಯಲು ಅವಕಾಶ ಕೊಡಿ ಎಂದಿದೆ. ಸಿಬಿಎಸ್‌ಇ ಇದೇ ತರಗತಿಗಳಿಗೆ ಮಾಡಿರುವ ಕೌಶಲ ಮಾಡ್ಯೂಲ್‌ಗಳಲ್ಲಿ ಬೇಕಿಂಗ್ ಕೂಡ ಇದೆ.

ಇಡೀ ಬೇಕಿಂಗ್ ಮೂರು ಕೆಲಸಗಳಲ್ಲಿ ಅಡಗಿದೆ. ಹಿಟ್ಟಿನೊಳಗೆ ಗಾಳಿಗುಳ್ಳೆ ಹುಟ್ಟಬೇಕು. ಅದು ಹೊರಗೆ ಹೋಗದಂತೆ ತಡೆಯುವ ಗೋಡೆ ಇರಬೇಕು. ಗುಳ್ಳೆ ದೊಡ್ಡದಾಗಿರುವಾಗಲೇ ಗೋಡೆ ಬೆಂದು ಗಟ್ಟಿಯಾಗಬೇಕು. ಈ ಮೂರೂ ಸರಿಯಾದ ಹೊತ್ತಿಗೆ ನಡೆದರೆ ಕೇಕ್. ಒಂದು ಮುಂದಾಗಿ ಇನ್ನೊಂದು ಹಿಂದಾದರೆ ಕಲ್ಲು, ಇಲ್ಲವೇ ಗುಂಡಿ ಬಿದ್ದ ಕೇಕ್.

ಮಕ್ಕಳಿಗೆ ಇದು ಹೊಸದೇನಲ್ಲ. ಮನೆಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದನ್ನು ನೋಡಿರುತ್ತಾರೆ. ಅಲ್ಲಿ ಬ್ಯಾಕ್ಟೀರಿಯಾಗಳು ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ, ಉದ್ದಿನ ಲೋಳೆ ಆ ಗುಳ್ಳೆಗಳನ್ನು ಹಿಡಿದಿಡುತ್ತದೆ, ಹಬೆ ಬಂದು ಅದನ್ನು ಗಟ್ಟಿ ಮಾಡುತ್ತದೆ. ಕೇಕ್‌ನಲ್ಲೂ ಕಥೆ ಇದೇ. ಪಾತ್ರಧಾರಿಗಳು ಬೇರೆ, ಅಷ್ಟೇ.

ಗುಳ್ಳೆ ಎಲ್ಲಿಂದ ಬರುತ್ತದೆ?

ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೋನೇಟ್. ಅದಕ್ಕೆ ಹುಳಿ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಒಂದು ಸ್ಟೀಲ್ ಲೋಟದಲ್ಲಿ ಮೊಸರು, ಇನ್ನೊಂದರಲ್ಲಿ ಹಾಲು ಹಾಕಿ, ಎರಡಕ್ಕೂ ಅರ್ಧರ್ಧ ಚಮಚ ಸೋಡಾ ಕಲಸಿ. ಮೊಸರು ಬುಸುಬುಸು ಎಂದು ಮೇಲೇಳುತ್ತದೆ. ಹಾಲು ಸುಮ್ಮನೆ ಇರುತ್ತದೆ. ಸೋಡಾ ಹಾಕುವ ರೆಸಿಪಿಯಲ್ಲಿ ಮೊಸರು, ಮಜ್ಜಿಗೆ, ನಿಂಬೆರಸ ಇಂಥದ್ದೊಂದು ಹುಳಿ ಯಾಕೆ ಇದ್ದೇ ಇರುತ್ತದೆ ಅಂತ ಮಕ್ಕಳಿಗೆ ಆಮೇಲೆ ಬಾಯಲ್ಲಿ ಹೇಳಬೇಕಾಗಿಲ್ಲ.

ಬೇಕಿಂಗ್ ಪೌಡರ್ ಅಂದರೆ ಅದೇ ಸೋಡಾ, ಜೊತೆಗೆ ಪುಡಿ ರೂಪದ ಆಮ್ಲ, ಎರಡೂ ತೇವ ಕುಡಿಯದಂತೆ ಸ್ವಲ್ಪ ಗಂಜಿ ಹಿಟ್ಟು. ಹುಳಿ ಡಬ್ಬದೊಳಗೇ ಇರುವುದರಿಂದ ಇದಕ್ಕೆ ನೀರು ತಾಗಿದರೆ ಸಾಕು. ಮಾಮೂಲಿ ಬೇಕಿಂಗ್ ಪೌಡರ್ ಎರಡು ಸಲ ಕೆಲಸ ಮಾಡುತ್ತದೆ: ಕಲಸಿದಾಗ ಒಂದಿಷ್ಟು, ಬಿಸಿ ತಾಗಿದಾಗ ಉಳಿದದ್ದು. ಮಳೆಗಾಲದಲ್ಲಿ ಸರಿಯಾಗಿ ಮುಚ್ಚದ ಡಬ್ಬ ತೇವ ಎಳೆದುಕೊಂಡು ಸತ್ತುಹೋಗಿರುತ್ತದೆ. ಕ್ಲಾಸ್ ಶುರು ಮಾಡುವ ಮೊದಲು ಒಂದು ಚಮಚ ಪೌಡರ್ ಮೇಲೆ ಬಿಸಿ ನೀರು ಹಾಕಿ ನೋಡಿ. ಜೋರಾಗಿ ನೊರೆ ಬಂದರೆ ಸರಿ, ಇಲ್ಲದಿದ್ದರೆ ಹೊಸ ಡಬ್ಬ ತರಿಸಿ.

ಅಳತೆ ಎಷ್ಟು? ಒಂದು ಕಪ್ ಮೈದಾಗೆ ಸುಮಾರು ಒಂದು ಟೀಚಮಚ ಬೇಕಿಂಗ್ ಪೌಡರ್, ಇಲ್ಲವೇ ಕಾಲು ಟೀಚಮಚ ಸೋಡಾ. ಅರ್ಧ ಟೀಚಮಚ ಸೋಡಾಕ್ಕೆ ಒಂದು ಕಪ್ ಮೊಸರಿನ ಹುಳಿ ಸರಿಹೋಗುತ್ತದೆ. ಜಾಸ್ತಿ ಹಾಕಿದರೆ ಜಾಸ್ತಿ ಉಬ್ಬುತ್ತದೆ ಅನ್ನುವುದು ಮಕ್ಕಳ ಮೊದಲ ನಂಬಿಕೆ. ಅದನ್ನು ಬಿಡಿಸಲೇಬೇಕು. ಹುಳಿ ಸಿಗದೆ ಉಳಿದ ಸೋಡಾ ಬಿಸಿಗೆ ಸೋಡಿಯಂ ಕಾರ್ಬೋನೇಟ್ ಆಗುತ್ತದೆ, ಅಂದರೆ ವಾಷಿಂಗ್ ಸೋಡಾ. ಕೇಕ್ ತಿಂದಾಗ ಸಾಬೂನು ಬಾಯಿಗೆ ಬಂದ ಹಾಗೆ ಅನಿಸುವುದು ಇದರಿಂದಲೇ.

ಇದನ್ನು ತೋರಿಸಲು ಒಂದು ಚೆಂದದ ದಾರಿ ಇದೆ. ಅರಿಸಿನಕ್ಕೆ ಸುಣ್ಣ ಸೇರಿಸಿದರೆ ಆರತಿ ನೀರು ಕೆಂಪಾಗುತ್ತದೆ ಅಲ್ವಾ? ಕ್ಷಾರ ಸಿಕ್ಕರೆ ಅರಿಸಿನ ಕೆಂಪಾಗುತ್ತದೆ. ಹಾಗಾಗಿ ಎರಡು ಚಿಕ್ಕ ಕಪ್‌ಕೇಕ್ ಮಾಡಿ. ಒಂದಕ್ಕೆ ಸರಿಯಾದ ಅಳತೆಯ ಸೋಡಾ, ಇನ್ನೊಂದಕ್ಕೆ ಅದರ ನಾಲ್ಕು ಪಟ್ಟು. ಬೆಂದು ಆರಿದ ಮೇಲೆ ಎರಡನ್ನೂ ಕತ್ತರಿಸಿ, ಒಳಗಿನ ಬಿಳಿ ಭಾಗದ ಮೇಲೆ ಒಂದೊಂದು ಹನಿ ಅರಿಸಿನ ನೀರು ಬಿಡಿ. ಮೊದಲನೆಯದರಲ್ಲಿ ಹನಿ ಹಳದಿಯಾಗೇ ಉಳಿಯುತ್ತದೆ. ಎರಡನೆಯದರಲ್ಲಿ ಕೆಂಪುಗಂದಾಗುತ್ತದೆ. ಏಳನೇ ಕ್ಲಾಸಿನ ವಿಜ್ಞಾನದಲ್ಲಿ ಆಮ್ಲ, ಕ್ಷಾರ ಪಾಠ ಕಲಿಸುವ ಮೇಷ್ಟ್ರು ಈ ಹೊತ್ತಿಗೆ ಬಂದು ನಿಂತರಂತೂ ಇನ್ನೂ ಒಳ್ಳೆಯದು.

ಗುಳ್ಳೆಗೆ ಇನ್ನೆರಡು ಮೂಲಗಳಿವೆ. ಒಂದು ಹಬೆ. ಬೇಕರಿಯ ಪಫ್ಸ್‌ಗೆ ಬೇಕಿಂಗ್ ಪೌಡರ್ ಬೇಕಿಲ್ಲ. ಹಿಟ್ಟಿನ ಪದರ, ಕೊಬ್ಬಿನ ಪದರ ಒಂದರ ಮೇಲೊಂದು ಇರುತ್ತವೆ. ಹಿಟ್ಟಿನಲ್ಲಿರುವ ನೀರು ಹಬೆಯಾಗಿ ಪದರಗಳನ್ನು ಎತ್ತುತ್ತದೆ. ಇನ್ನೊಂದು, ನಾವು ಕೈಯಾರೆ ಸೇರಿಸುವ ಗಾಳಿ. ಬೆಣ್ಣೆ, ಸಕ್ಕರೆ ಸೇರಿಸಿ ಬೆಳ್ಳಗಾಗುವವರೆಗೆ ತಿರುಗಿಸಿ ಅಂತ ರೆಸಿಪಿಯಲ್ಲಿ ಇರುತ್ತದಲ್ಲ, ಅದು ಸಕ್ಕರೆ ಕರಗಿಸಲು ಅಂತ ತುಂಬ ಜನ ತಿಳಿದಿದ್ದಾರೆ. ಅಲ್ಲ. ಸಕ್ಕರೆ ಹರಳಿನ ಚೂಪು ಅಂಚುಗಳು ಬೆಣ್ಣೆಯೊಳಗೆ ಸಾವಿರಾರು ಚಿಕ್ಕ ಗಾಳಿಗುಳ್ಳೆ ಎಳೆದು ತರುತ್ತವೆ. ಬೇಕಿಂಗ್ ಪೌಡರ್ ಆಮೇಲೆ ಆ ಗುಳ್ಳೆಗಳನ್ನು ದೊಡ್ಡದು ಮಾಡುತ್ತದೆ, ಅಷ್ಟೇ. ತಾನಾಗಿ ಹೊಸ ಗುಳ್ಳೆ ಹುಟ್ಟಿಸುವುದು ಅದರ ಕೈಲಿ ಆಗುವುದಿಲ್ಲ. ತಿರುಗಿಸುವ ಕೆಲಸದಲ್ಲಿ ಸೋಮಾರಿತನ ಮಾಡಿ ಪೌಡರ್ ಜಾಸ್ತಿ ಹಾಕಿದರೆ ಅಲ್ಲಲ್ಲಿ ದೊಡ್ಡ ತೂತಿರುವ ಒರಟು ಕೇಕ್ ಬರುವುದು ಇದಕ್ಕೇ.

ಬೆಣ್ಣೆ ಬೆರಳಿಟ್ಟರೆ ಗುಳಿ ಬೀಳುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಏಪ್ರಿಲ್‌ನಲ್ಲಿ ಬೆಂಗಳೂರಿನ ಶಾಲೆಯ ಕೋಣೆ ಮಧ್ಯಾಹ್ನ 33, 34 ಡಿಗ್ರಿ ಇದ್ದಾಗ ಬೆಣ್ಣೆ ಜಾರಿಹೋಗುತ್ತದೆ, ಗಾಳಿ ಹಿಡಿಯುವುದಿಲ್ಲ. ಬೇಸಿಗೆಯಲ್ಲಿ ಈ ಕ್ಲಾಸನ್ನು ಬೆಳಗಿನ ಮೊದಲ ಪೀರಿಯಡ್‌ಗೆ ಹಾಕಿಸಿಕೊಳ್ಳಿ.

ಗೋಡೆ ಕಟ್ಟುವುದು ಗ್ಲೂಟನ್

ಗೋಧಿಯಲ್ಲಿ ಗ್ಲೂಟೆನಿನ್, ಗ್ಲೈಯಡಿನ್ ಎಂಬ ಎರಡು ಪ್ರೋಟೀನ್‌ಗಳಿವೆ. ನೀರು ಬಿದ್ದು, ಕೈಯಲ್ಲಿ ನಾದಿದಾಗ ಎರಡೂ ಸೇರಿ ಗ್ಲೂಟನ್ ಎಂಬ ಎಳೆಯುವ ಬಲೆ ಆಗುತ್ತವೆ. ಗುಳ್ಳೆಯನ್ನು ಹಿಡಿದಿಡುವುದು ಅದೇ. ಹೀಗೆ ಹೇಳಿದರೆ ಮಕ್ಕಳು ತಲೆಯಾಡಿಸುತ್ತಾರೆ, ಮರೆತುಬಿಡುತ್ತಾರೆ. ಕೈಗೆ ಕೊಡಬೇಕು.

ನೂರು ಗ್ರಾಂ ಮೈದಾ ಗಟ್ಟಿಯಾಗಿ ಕಲಸಿ, ಚೆನ್ನಾಗಿ ನಾದಿ, ಅರ್ಧ ಗಂಟೆ ನೀರಲ್ಲಿ ಮುಳುಗಿಸಿಡಿ. ಆಮೇಲೆ ಒಂದು ಬೇಸಿನ್ ನೀರಲ್ಲಿ ಆ ಉಂಡೆಯನ್ನು ಮೆಲ್ಲಗೆ ಹಿಸುಕಿ ತೊಳೆಯಲು ಹೇಳಿ. ನೀರು ಅಕ್ಕಚ್ಚಿನ ಬಣ್ಣಕ್ಕೆ ತಿರುಗುತ್ತದೆ. ಅದು ಪಿಷ್ಟ. ಚೆಲ್ಲಿ, ಹೊಸ ನೀರು ಹಾಕಿ, ಮತ್ತೆ ತೊಳೆಯಬೇಕು. ಕೆಲವು ಮಕ್ಕಳಿಗೆ ಮಧ್ಯದಲ್ಲಿ ಭಯವಾಗುತ್ತದೆ, ಎಲ್ಲಾ ಕರಗಿ ಹೋಗುತ್ತಿದೆ ಅಂತ. ಹೋಗುವುದಿಲ್ಲ. ನೀರು ತಿಳಿಯಾಗುವ ಹೊತ್ತಿಗೆ ಕೈಯಲ್ಲಿ ಬೂದು ಹಳದಿ ಬಣ್ಣದ, ಅಂಟುಅಂಟಾದ ಒಂದು ಚಿಕ್ಕ ಮುದ್ದೆ ಉಳಿದಿರುತ್ತದೆ. ಎಳೆದರೆ ಉದ್ದಕ್ಕೆ ಬರುತ್ತದೆ, ಬಿಟ್ಟರೆ ಹಿಂದಕ್ಕೆ ಸರಿಯುತ್ತದೆ. "ಮಿಸ್, ಇದನ್ನ ತಿನ್ನಬಹುದಾ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಬೇಯಿಸಿ ತಿನ್ನಬಹುದು. ಆ ಮುದ್ದೆಯನ್ನು ಓವನ್‌ಗೆ ಇಟ್ಟರೆ ಒಳಗಿನ ನೀರು ಹಬೆಯಾಗಿ ಅದು ಉಬ್ಬಿ, ಒಳಗೆ ಟೊಳ್ಳಾಗಿ, ಹಾಗೇ ಗಟ್ಟಿಯಾಗಿ ನಿಲ್ಲುತ್ತದೆ. ಬ್ರೆಡ್ ಹೇಗೆ ನಿಲ್ಲುತ್ತದೆ ಅನ್ನುವ ಪ್ರಶ್ನೆಗೆ ಉತ್ತರ ಅಲ್ಲೇ ಟ್ರೇ ಮೇಲೆ ಕೂತಿರುತ್ತದೆ.

ಇದೇ ಪ್ರಯೋಗವನ್ನು ರಾಗಿ ಹಿಟ್ಟಿನಲ್ಲಿ ಮಾಡಿದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ರಾಗಿಯಲ್ಲಿ ಗ್ಲೂಟನ್ ಇಲ್ಲ. ಅದಕ್ಕೇ ಬರೀ ರಾಗಿಯ ಬ್ರೆಡ್ ಏಳುವುದಿಲ್ಲ, ಆದರೆ ರಾಗಿ ಬಿಸ್ಕತ್ತು ಸೊಗಸಾಗಿ ಬರುತ್ತದೆ. ಬಿಸ್ಕತ್ತಿಗೆ ಬಲೆ ಬೇಕಿಲ್ಲ, ಪುಡಿಪುಡಿಯಾಗಬೇಕು. ಕೇಕ್‌ಗೆ ಮೈದಾದ ಮೂರನೇ ಒಂದು ಭಾಗ ತೆಗೆದು ರಾಗಿ ಹಾಕಿದರೆ ರುಚಿಯೂ ಬರುತ್ತದೆ, ಕೇಕೂ ನಿಲ್ಲುತ್ತದೆ. ಗೋಧಿ ಹಿಟ್ಟಿನಲ್ಲಿ ಗ್ಲೂಟನ್ ಇದ್ದರೂ ತೌಡಿನ ಚೂರುಗಳು ಬಲೆಯನ್ನು ಕತ್ತರಿಸುತ್ತವೆ, ನೀರನ್ನೂ ಜಾಸ್ತಿ ಕುಡಿಯುತ್ತವೆ. ಹಾಗಾಗಿ ಸ್ವಲ್ಪ ಹೆಚ್ಚು ಹಾಲು ಬೇಕು.

ಬಲೆ ಎಷ್ಟು ಬೇಕು ಅನ್ನುವುದು ಮಾಡುವ ತಿಂಡಿಯ ಮೇಲೆ ಹೋಗುತ್ತದೆ. ಬ್ರೆಡ್, ಬನ್ನಿಗೆ ಹತ್ತು ನಿಮಿಷ ನಾದಬೇಕು. ಕೇಕ್‌ಗೆ ಮೈದಾ ಹಾಕಿದ ಮೇಲೆ ಒಣ ಹಿಟ್ಟು ಕಾಣದಷ್ಟು ಕಲಸಿ ನಿಲ್ಲಿಸಬೇಕು. ಮಕ್ಕಳಿಗೆ ತಿರುಗಿಸುವುದೆಂದರೆ ಖುಷಿ, ಸರದಿ ಪ್ರಕಾರ ಎಲ್ಲರೂ ತಿರುಗಿಸುತ್ತಾ ಹೋದರೆ ಕೇಕ್ ರಬ್ಬರ್ ಆಗುತ್ತದೆ. ಎಲ್ಲರಿಗೂ ಸರದಿ ಬೇಕಿದ್ದರೆ ಬೆಣ್ಣೆ, ಸಕ್ಕರೆ ಹಂತದಲ್ಲಿ ಕೊಡಿ. ಮೈದಾ ಬಿದ್ದ ಮೇಲೆ ಒಬ್ಬರೇ.

ಮೊಟ್ಟೆ ಇಲ್ಲದ ಕೇಕ್

ನಮ್ಮೂರಿನ ಎಷ್ಟೋ ಶಾಲೆಗಳಲ್ಲಿ ಅಡುಗೆ ಕೋಣೆಗೆ ಮೊಟ್ಟೆ ತರುವ ಹಾಗಿಲ್ಲ. ಇದನ್ನು ಕೊರತೆ ಅಂದುಕೊಳ್ಳಬೇಕಿಲ್ಲ. ಬೆಂಗಳೂರಿನ ಬೇಕರಿ ರುಚಿ ಬೆಳೆದದ್ದೇ ಮೊಟ್ಟೆ ಮುಟ್ಟದ ಅಯ್ಯಂಗಾರ್ ಬೇಕರಿಗಳಲ್ಲಿ. ಹಾಸನ ಕಡೆಯಿಂದ ಬಂದ ಅಯ್ಯಂಗಾರ್ ಕುಟುಂಬ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ತೆರೆದದ್ದು 1898ರಲ್ಲಿ. ವಿ.ವಿ. ಪುರದ ವಿ.ಬಿ. ಬೇಕರಿ ಶುರುವಾದದ್ದು 1953ರಲ್ಲಿ. ಖಾರ ಬನ್, ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಜಾಮ್ ಬಳಿದು ಕೊಬ್ಬರಿ ತುರಿ ಉದುರಿಸಿದ ಹನಿ ಕೇಕ್, ಇವನ್ನೆಲ್ಲ ಈ ಬೇಕರಿಗಳು ಗಲ್ಲಿಗಲ್ಲಿಗೂ ಮುಟ್ಟಿಸಿದವು. ಮಕ್ಕಳನ್ನು ಒಮ್ಮೆ ಹತ್ತಿರದ ಬೇಕರಿಯ ಒಲೆ ಮನೆಗೆ ಕರೆದುಕೊಂಡು ಹೋಗಿ. ಸೌದೆ ಒಲೆ ಇದ್ದರೆ ಇನ್ನೂ ಚೆನ್ನ. ಕಾವು ಜೋರಾಗಿರುವಾಗ ಬ್ರೆಡ್, ಸ್ವಲ್ಪ ಇಳಿದ ಮೇಲೆ ಕೇಕ್, ಬಿಸ್ಕತ್ತು, ಕೊನೆಗೆ ಉಳಿದ ಕಾವಿನಲ್ಲಿ ರಸ್ಕ್ ಒಣಗಿಸುವ ಲೆಕ್ಕಾಚಾರ ಅಲ್ಲಿ ಕಣ್ಣಿಗೆ ಕಾಣುತ್ತದೆ.

ಮೊಟ್ಟೆ ಕೇಕ್‌ನಲ್ಲಿ ಮೂರು ಕೆಲಸ ಮಾಡುತ್ತದೆ. ಗಾಳಿ ಹಿಡಿಯುತ್ತದೆ, ಎಣ್ಣೆ ನೀರನ್ನು ಬೆರೆಸುತ್ತದೆ, ಬೆಂದಾಗ ಗಟ್ಟಿಯಾಗಿ ಗೋಡೆಗೆ ಬಲ ಕೊಡುತ್ತದೆ. ಮೊಸರು ಮೊದಲೆರಡರಲ್ಲಿ ಸ್ವಲ್ಪ ಕೈಜೋಡಿಸುತ್ತದೆ, ಸೋಡಾಕ್ಕೆ ಹುಳಿಯನ್ನೂ ಕೊಡುತ್ತದೆ. ಮೂರನೆಯದು ಅದರಿಂದ ಆಗುವುದಿಲ್ಲ. ಹಾಗಾಗಿ ಮೊಟ್ಟೆ ಇಲ್ಲದ ಕೇಕ್ ನಿಲ್ಲುವುದು ಹೆಚ್ಚಾಗಿ ಮೈದಾದ ಪಿಷ್ಟದ ಮೇಲೆ. ಪಿಷ್ಟ ಬಿಗಿಯಾಗುವುದು ತಣ್ಣಗಾದ ಮೇಲೆ. ಬಿಸಿ ಕೇಕ್ ಕತ್ತರಿಸಿದರೆ ಪುಡಿಯಾಗುವುದಕ್ಕೆ ಕಾರಣ ಇದು. ಗಂಟೆ ಹೊಡೆಯುತ್ತದೆ, ಮಕ್ಕಳಿಗೆ ಹಸಿವು, ಎಲ್ಲ ಸರಿ. ಆದರೂ ಒಂದು ಗಂಟೆ ಕಾಯಿಸಿ.

ಶಾಲೆಗೆ ಹೊಂದುವ ಒಂದು ಅಳತೆ: ಗಟ್ಟಿ ಮೊಸರು 240 ಗ್ರಾಂ, ಸಕ್ಕರೆ 150 ಗ್ರಾಂ, ಎಣ್ಣೆ ಅರ್ಧ ಕಪ್, ಮೈದಾ 190 ಗ್ರಾಂ, ಬೇಕಿಂಗ್ ಪೌಡರ್ ಒಂದು ಟೀಚಮಚ, ಸೋಡಾ ಅರ್ಧ ಟೀಚಮಚ, ಚಿಟಿಕೆ ಉಪ್ಪು, ಏಲಕ್ಕಿ. 180 ಡಿಗ್ರಿಯಲ್ಲಿ 35 ನಿಮಿಷದ ಆಸುಪಾಸು.

ಸಕ್ಕರೆ ಅರ್ಧ ಮಾಡಬಹುದಾ ಅಂತ ತಾಯಂದಿರು ಕೇಳುತ್ತಾರೆ. ಕಾಳಜಿ ಸರಿಯಾದದ್ದೇ. ಆದರೆ ಸಕ್ಕರೆ ಬರೀ ಸಿಹಿಗಲ್ಲ. ನೀರನ್ನು ಹಿಡಿದಿಟ್ಟು ಕೇಕನ್ನು ಮೆತ್ತಗಿಡುತ್ತದೆ, ಗ್ಲೂಟನ್ ಜಾಸ್ತಿ ಬೆಳೆಯದಂತೆ ತಡೆಯುತ್ತದೆ, ಮೇಲಿನ ಕಂದು ಬಣ್ಣಕ್ಕೂ ನೆರವಾಗುತ್ತದೆ. ಸ್ವಲ್ಪ ಕಡಿಮೆ ಮಾಡಿದರೆ ತೊಂದರೆ ಇಲ್ಲ. ಅರ್ಧಕ್ಕೆ ಇಳಿಸಿದರೆ ಸಿಗುವುದು ಸಿಹಿ ಕಡಿಮೆಯಾದ ಕೇಕ್ ಅಲ್ಲ, ಒಣ ಬ್ರೆಡ್ಡಿನಂಥ ಬೇರೇನೋ. ಚಿಕ್ಕ ತುಂಡು ಕೊಡುವುದು ಒಳ್ಳೆಯ ಉಪಾಯ.

ಕಾವು, ಎತ್ತರ, ಕರೆಂಟು

ಓವನ್ ಒಳಗೆ ಒಂದು ಓಟ ನಡೆಯುತ್ತದೆ. ಒಂದು ಕಡೆ ಗುಳ್ಳೆ ಹಿಗ್ಗುತ್ತಿರುತ್ತದೆ. ಇನ್ನೊಂದು ಕಡೆ ಪಿಷ್ಟ ನೀರು ಕುಡಿದು ದಪ್ಪವಾಗುತ್ತಾ, ಪ್ರೋಟೀನ್ ಬಿಗಿಯಾಗುತ್ತಾ ಗೋಡೆ ಗಟ್ಟಿಯಾಗುತ್ತಿರುತ್ತದೆ. ಗೋಡೆ ಮೊದಲೇ ಗಟ್ಟಿಯಾದರೆ, ಅಂದರೆ ಕಾವು ಜಾಸ್ತಿಯಾದರೆ, ಒಳಗಿನ ಗುಳ್ಳೆ ಜಾಗವಿಲ್ಲದೆ ಮೇಲಕ್ಕೆ ನುಗ್ಗಿ ನೆತ್ತಿ ಬಿರಿಯುತ್ತದೆ. ಕಾವು ಕಡಿಮೆಯಾದರೆ ಗುಳ್ಳೆ ಹಿಗ್ಗಿ ಒಡೆದು, ಗೋಡೆ ಏಳುವ ಮೊದಲೇ ಎಲ್ಲ ಕುಸಿಯುತ್ತದೆ. ಮಧ್ಯದಲ್ಲಿ ಬಾಗಿಲು ತೆಗೆದು ನೋಡಿದರೆ ಆಗುವುದೂ ಇದೇ. ಮೊದಲ 25 ನಿಮಿಷ ಗಾಜಿನ ಮೂಲಕವೇ ನೋಡಬೇಕು. ಆಮೇಲೆ ಮಧ್ಯಕ್ಕೆ ಕಡ್ಡಿ ಚುಚ್ಚಿ, ಹಸಿ ಹಿಟ್ಟು ಅಂಟದಿದ್ದರೆ ಆಯಿತು.

ಇಲ್ಲಿ ಬೆಂಗಳೂರಿನ ಎತ್ತರದ ವಿಷಯ ಬರುತ್ತದೆ. ಇದನ್ನು ಯಾರೂ ಹೇಳುವುದಿಲ್ಲ, ಹೇಳಬೇಕು. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಮಂಗಳೂರಲ್ಲಿ ನೀರು 100 ಡಿಗ್ರಿಗೆ ಕುದಿದರೆ ಇಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಗಾಳಿಯ ಒತ್ತಡವೂ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಹಾಗಾಗಿ ಅದೇ ಬೇಕಿಂಗ್ ಪೌಡರ್ ಇಲ್ಲಿ ಗುಳ್ಳೆಯನ್ನು ಸ್ವಲ್ಪ ಹೆಚ್ಚು ಹಿಗ್ಗಿಸುತ್ತದೆ, ತೇವವೂ ಬೇಗ ಆರುತ್ತದೆ. ಎತ್ತರದ ಊರುಗಳ ಬೇಕಿಂಗ್ ಸೂಚನೆಗಳು ಸಾಮಾನ್ಯವಾಗಿ 3,000 ಅಡಿಯಿಂದ ಶುರುವಾಗುತ್ತವೆ. ಬೆಂಗಳೂರು ಸರಿಯಾಗಿ ಆ ಗೆರೆಯ ಮೇಲೆ ಕೂತಿದೆ. ದೊಡ್ಡ ಬದಲಾವಣೆ ಬೇಡ. ಬೇರೆ ಊರಿನ ರೆಸಿಪಿ ಮಾಡುವಾಗ ಕೇಕ್ ಮಧ್ಯದಲ್ಲಿ ಗುಂಡಿ ಬೀಳುತ್ತಿದ್ದರೆ ಬೇಕಿಂಗ್ ಪೌಡರ್ ಒಂದು ಚಿಟಿಕೆ ಕಡಿಮೆ ಮಾಡಿ, ಒಂದೆರಡು ಚಮಚ ಹಾಲು ಜಾಸ್ತಿ ಹಾಕಿ, ಕಾವನ್ನು 5ರಿಂದ 10 ಡಿಗ್ರಿ ಏರಿಸಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ.

ಶಾಲೆಗೆ ಓಟಿಜಿ, ಅಂದರೆ ಮೇಜಿನ ಮೇಲೆ ಇಡುವ ಕರೆಂಟಿನ ಓವನ್, ಕೊಳ್ಳುವವರು ಗಮನಿಸಬೇಕಾದದ್ದು ಪ್ಲಗ್ಗು. ತರಗತಿಗಳಲ್ಲಿ ಇರುವುದು ಸಾಮಾನ್ಯವಾಗಿ 6 ಆಂಪ್ ಸಾಕೆಟ್. 230 ವೋಲ್ಟ್ ಲೆಕ್ಕದಲ್ಲಿ ಅದು ತಾಳುವುದು 1,380 ವಾಟ್. ದೊಡ್ಡ ಓಟಿಜಿಗಳು 1,500ರಿಂದ 2,000 ವಾಟ್ ಎಳೆಯುತ್ತವೆ. ಗೀಸರ್‌ಗೆ ಹಾಕುವಂಥ 16 ಆಂಪ್ ಸಾಕೆಟ್ ಇರುವ ಕೋಣೆಯನ್ನೇ ಹುಡುಕಿ. ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಬೇಡ. ಡಯಲ್ ತೋರಿಸುವ ಡಿಗ್ರಿಯನ್ನೂ ಪೂರ್ತಿ ನಂಬಬೇಡಿ. ಒಳಗೆ ಇಡುವ ಚಿಕ್ಕ ಓವನ್ ಥರ್ಮಾಮೀಟರ್ ಒಂದಿರಲಿ, ತಕ್ಕಡಿ ಒಂದಿರಲಿ. ಒಂದೇ ಕಪ್ಪಿನಲ್ಲಿ ಒಬ್ಬರು ಮೈದಾ ಸಡಿಲವಾಗಿ ತುಂಬಿದರೆ 120 ಗ್ರಾಂ, ಇನ್ನೊಬ್ಬರು ಅದುಮಿ ತುಂಬಿದರೆ 150 ಗ್ರಾಂ. ಮಕ್ಕಳು ತಮ್ಮ ತಮ್ಮ ಕಪ್ಪನ್ನು ತೂಗಿ ನೋಡಿದಾಗ ಈ ವ್ಯತ್ಯಾಸ ಅವರಿಗೇ ಕಾಣುತ್ತದೆ.

ಕೇಕ್ ಅರ್ಧ ಬೆಂದಾಗ ಕರೆಂಟು ಹೋದರೆ? ಬಾಗಿಲು ತೆಗೆಯಬೇಡಿ. ಒಳಗಿನ ಕಾವು ಸ್ವಲ್ಪ ಹೊತ್ತು ಇರುತ್ತದೆ. ಗೋಡೆ ಗಟ್ಟಿಯಾಗಿದ್ದರೆ ಕರೆಂಟು ಬಂದ ಮೇಲೆ ಮುಂದುವರಿಸಬಹುದು. ಮೊದಲ ಹತ್ತು ನಿಮಿಷದಲ್ಲೇ ಹೋಗಿ ಬಹಳ ಹೊತ್ತು ಬರದಿದ್ದರೆ ಆ ಕೇಕ್ ಏಳುವುದಿಲ್ಲ. ಯಾಕೆ ಅಂತ ಮಕ್ಕಳನ್ನೇ ಕೇಳಿ, ಹೇಳುತ್ತಾರೆ.

ಯಾವುದು ಮೊದಲು, ಯಾವುದು ಆಮೇಲೆ

ಕೇಕ್‌ನಿಂದ ಶುರು ಮಾಡಬೇಡಿ. ಮೊದಲು ಬೆಣ್ಣೆ ಬಿಸ್ಕತ್ತು. ಒಂದು ಪಾಲು ಸಕ್ಕರೆ ಪುಡಿ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಎಲ್ಲ ತೂಕದಲ್ಲಿ. 160 ಡಿಗ್ರಿಯಲ್ಲಿ 15ರಿಂದ 20 ನಿಮಿಷ. ಉಬ್ಬುವ ಚಿಂತೆ ಇಲ್ಲ, ಕುಸಿಯುವ ಭಯ ಇಲ್ಲ. ಎರಡು ಪೀರಿಯಡ್‌ನಲ್ಲಿ ಮುಗಿಯುತ್ತದೆ. ಅಂಚು ಕಂದಾಗುವುದನ್ನು ನೋಡುತ್ತಾ ಮೈಲಾರ್ಡ್ ಕ್ರಿಯೆಯ ಪರಿಚಯವೂ ಆಗುತ್ತದೆ. ಹಿಟ್ಟಿನ ಪ್ರೋಟೀನ್ ಮತ್ತು ಸಕ್ಕರೆ ಸುಮಾರು 140 ಡಿಗ್ರಿ ದಾಟಿದಾಗ ಸೇರಿ ಬಣ್ಣ, ವಾಸನೆ ಕೊಡುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿ ಮೈಲಾರ್ಡ್ ಅವರ ಹೆಸರೇ ಅದಕ್ಕೆ ಉಳಿದಿದೆ.

ಎರಡನೆಯದು ಮೊಸರಿನ ಕೇಕ್. ಮೂರನೆಯದು ಖಾರ ಬನ್. ಬನ್ನಿಗೆ ಯೀಸ್ಟ್ ಬೇಕು, ಯೀಸ್ಟಿಗೆ ಹೊತ್ತು ಬೇಕು. ಅದು ಜೀವ ಇರುವ ಶಿಲೀಂಧ್ರ, ಸಕ್ಕರೆ ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಉಗುರುಬೆಚ್ಚಗಿನ ನೀರು ಅದಕ್ಕೆ ಇಷ್ಟ, 60 ಡಿಗ್ರಿ ನೀರು ಹಾಕಿದರೆ ಸತ್ತೇ ಹೋಗುತ್ತದೆ. ಡಿಸೆಂಬರ್ ಚಳಿಯಲ್ಲಿ ಇಡ್ಲಿ ಹಿಟ್ಟು ಹುದುಗದ ಹಾಗೆ ಬನ್ ಹಿಟ್ಟೂ ನಿಧಾನ. ಆಗ ಆಫ್ ಆಗಿರುವ ಓಟಿಜಿ ಒಳಗೆ ಒಂದು ಬಟ್ಟಲು ಬಿಸಿ ನೀರಿನ ಜೊತೆ ಹಿಟ್ಟನ್ನು ಇಟ್ಟು ಬಾಗಿಲು ಮುಚ್ಚಿ. ಬೆಳಗ್ಗೆ ಪ್ರಾರ್ಥನೆ ಮುಗಿದ ಕೂಡಲೇ ಹಿಟ್ಟು ನಾದಿಟ್ಟು, ಊಟದ ಬಿಡುವಿನಲ್ಲಿ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೇರಿಸಿ ಉಂಡೆ ಕಟ್ಟಿ, ಕೊನೆಯ ಪೀರಿಯಡ್‌ನಲ್ಲಿ 200 ಡಿಗ್ರಿಗೆ ಬೇಯಿಸಿದರೆ ಒಂದೇ ದಿನದ ಶಾಲೆಯೊಳಗೆ ಬನ್ ಕೂರುತ್ತದೆ. ಉಳಿದ ಬನ್ ಫ್ರಿಜ್‌ಗೆ ಇಡಬೇಡಿ, ಅಲ್ಲಿ ಹೊರಗಿಗಿಂತ ಬೇಗ ಬಿರುಸಾಗುತ್ತದೆ.

ಹಾಲು, ಗೋಧಿ, ಕಡಲೆಕಾಯಿ, ಗೋಡಂಬಿ ಯಾರಿಗೆ ಆಗುವುದಿಲ್ಲ ಅಂತ ಮೊದಲೇ ಮನೆಯಿಂದ ಬರೆಸಿಕೊಳ್ಳಿ. ಬಿಸಿ ಟ್ರೇ ಹೊರತೆಗೆಯುವುದು ದೊಡ್ಡವರ ಕೆಲಸ. ಇನ್ನು, ಕಲಿಸುವ ಟೀಚರ್‌ಗೇ ಮೊದಲು ಕೈ ಪಳಗಬೇಕು ಅನಿಸಿದರೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ಬೇಕರಿ ತರಬೇತಿ ಘಟಕ ಇದೆ. ಅಲ್ಲಿ ವಿಚಾರಿಸಿ, ಬೇಸಿಗೆ ರಜೆಗೆ ಮೊದಲೇ.